ಸ್ಫ್ಯಾಗ್ನಮ್ ನಿರ್ಣಯ ಮೀಮಾಂಸೆ

ಬ್ರಿಟನ್ ಮತ್ತು ಐರ್ಲೆಂಡಿನ ಜೌಗುನೆಲಗಳಲ್ಲಿ ಸ್ಫ್ಯಾಗ್ನಮ್ ಕುಲದ 30ಕ್ಕೂ ಹೆಚ್ಚು ಹಾವಸೆಗಳಿವೆ. ಇವುಗಳಲ್ಲಿ ಕೈಗೆ ಸಿಕ್ಕಿದ್ದು ಯಾವುದೆಂದು ನಿರ್ಣಯಿಸುವ ಶಾಸ್ತ್ರಕ್ಕೆ ಅಧಿಕಾರಿ ಯಾರು? ಮಂಡಿ ಒದ್ದೆಯಾದವರು. ನಿಂತಲ್ಲಿಂದಲೇ ಹೆಸರು ಹೇಳುವವರ ಮಾತಿಗೆ ಪ್ರಾಮಾಣ್ಯವಿಲ್ಲ. ತನ್ನ ಒಣತೂಕದ ಸುಮಾರು 20 ಪಟ್ಟು ನೀರನ್ನು ಹಿಡಿದಿಡಬಲ್ಲ ಈ ಸಸ್ಯ, ಮಂಡಿಯೂರಿದ ವಿದ್ವಾಂಸರಿಗೆ ಅದರಲ್ಲೊಂದು ಪಾಲನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ. ನೀರು ತುಂಬಿರುವುದು ಎಲೆಯ ಸತ್ತ, ಬಣ್ಣವಿಲ್ಲದ ಕೋಶಗಳಲ್ಲಿ. ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡ ಸಪೂರ ಹಸಿರು ಕೋಶಗಳು ಮಾತ್ರ ದುಡಿದು ಇಡೀ ಸಂಸಾರಕ್ಕೆ ಅನ್ನ ಹಾಕುತ್ತವೆ.

ಬಣ್ಣ ನೋಡಿ ಹೆಸರು ಹೇಳಬಹುದೆಂಬುದು ಪೂರ್ವಪಕ್ಷ. ಸ್ಫ್ಯಾಗ್ನಮ್ ಕ್ಯಾಪಿಲಿಫೋಲಿಯಮ್ ಬಿಸಿಲಲ್ಲಿ ಕೆಂಪಗೆ, ನೆರಳಲ್ಲಿ ಹಸಿರಾಗಿ ಕೂತು ಅದನ್ನು ಖಂಡಿಸುತ್ತದೆ. ಆದ್ದರಿಂದ ತಲೆಯ ಗೊಂಚಲು ಕಿತ್ತು, ಕೊಂಬೆಗಳನ್ನು ಸವರಿ, ಬೋಳಾದ ಕಾಂಡಕ್ಕೆ ಅಂಟಿದ ಎಲೆಯನ್ನು ಭೂತಗನ್ನಡಿಯಲ್ಲಿ ನೋಡತಕ್ಕದ್ದು. ಅದರ ತುದಿ ಅಗಲವಾಗಿ ಹರಿದು ಜಾಲರಿಯಂತಿದ್ದರೆ ಫಿಂಬ್ರಿಯೇಟಮ್. ಪ್ಯಾಪಿಲೋಸಮ್ ಮತ್ತು ಪಲಸ್ಟ್ರೆಗಳ ವ್ಯಾಜ್ಯಕ್ಕೆ ಮಾತ್ರ ಸೂಕ್ಷ್ಮದರ್ಶಕವೇ ಬೇಕು: ಬಣ್ಣವಿಲ್ಲದ ಕೋಶದೊಳಗೆ, ಹಸಿರು ಕೋಶಕ್ಕೆ ತಾಗುವ ಗೋಡೆಯ ಮೇಲೆ ಸಣ್ಣ ಸಣ್ಣ ಬೊಕ್ಕೆಗಳಿದ್ದರೆ ಮೊದಲನೆಯದು, ನುಣುಪಾಗಿದ್ದರೆ ಸಾಮಾನ್ಯವಾಗಿ ಎರಡನೆಯದು. ಇಷ್ಟು ತಿಳಿಯುವ ಹೊತ್ತಿಗೆ ಚಹಾ ಆರಿರುತ್ತದೆ.

ಇನ್ನು ದಾಖಲೆ. ಹೆಸರು, ದಿನಾಂಕ, ನಕ್ಷೆಯ ಚೌಕದ ಸಂಖ್ಯೆ, ಜೊತೆಗೆ ಉಪಕೌಂಟಿ. 1852ರಲ್ಲಿ ಸಸ್ಯಶಾಸ್ತ್ರಜ್ಞ ಎಚ್. ಸಿ. ವಾಟ್ಸನ್ ಬ್ರಿಟನ್ನನ್ನು 112 ಉಪಕೌಂಟಿಗಳಾಗಿ ಹಂಚಿದ. ಆಮೇಲೆ ಸರ್ಕಾರಗಳು ಗಡಿಗಳನ್ನು ಎಷ್ಟು ಸಲ ಎಳೆದಾಡಿದರೂ ಹಾವಸೆಗಳು ಇಂದಿಗೂ ವಾಟ್ಸನ್ನನ ಆಡಳಿತದಲ್ಲೇ ಇವೆ. ಮಾದರಿಯನ್ನು ಒಣಗಿಸಿ ಕಾಗದದ ಪೊಟ್ಟಣದಲ್ಲಿ ಮಡಿಸಿಡುವುದು ಪದ್ಧತಿ. ಇಂಥ ಮಾದರಿಗಳನ್ನು ಅದಲುಬದಲು ಮಾಡಿಕೊಳ್ಳಲೆಂದೇ 1896ರಲ್ಲಿ ಹುಟ್ಟಿದ ಮಾಸ್ ಎಕ್ಸ್‌ಚೇಂಜ್ ಕ್ಲಬ್, 1923ರಲ್ಲಿ ಬ್ರಿಟಿಷ್ ಬ್ರಯೊಲಾಜಿಕಲ್ ಸೊಸೈಟಿ ಎಂಬ ಗಂಭೀರ ನಾಮಧೇಯ ಪಡೆಯಿತು.

ಪೊಟ್ಟಣದ ಮಹಿಮೆ ತಿಳಿದದ್ದು 2018ರಲ್ಲಿ. ಜೌಗಿನಲ್ಲಿ ದ್ರಾಕ್ಷಾರಸದ ಬಣ್ಣ ತಳೆದು ಎಲ್ಲರಿಗೂ ಗುರುತು ಸಿಗುತ್ತಿದ್ದ ಮೆಗೆಲ್ಯಾನಿಕಮ್, ವಂಶವಾಹಿಗಳ ತನಿಖೆಯಲ್ಲಿ ಮೂರು ಪ್ರಭೇದಗಳೆಂದು ತೀರ್ಮಾನವಾಯಿತು. ಆ ಹೆಸರು ದಕ್ಷಿಣ ಅಮೆರಿಕದ ತುತ್ತತುದಿಯ ಸಸ್ಯಕ್ಕೆ ಹೋಯಿತು. ಯುರೋಪಿನವುಗಳಲ್ಲಿ ಒಂದಕ್ಕೆ ಮೀಡಿಯಮ್ ಎಂಬ ಹಳೆಯ ಹೆಸರನ್ನು ಧೂಳು ಕೊಡವಿ ಕೊಟ್ಟರು, ಇನ್ನೊಂದಕ್ಕೆ ಡಿವೈನಮ್ ಎಂಬ ಹೊಸದನ್ನು. ಹಾವಸೆ ಕದಲಲಿಲ್ಲ. ಪೊಟ್ಟಣ ಉಳಿಸಿಕೊಂಡವರು ಅದನ್ನು ಬಿಡಿಸಿ, ನೀರಲ್ಲಿ ನೆನೆಸಿ, ಮತ್ತೆ ಗಾಜಿನಡಿ ಇಡಬಹುದು. ಹೆಸರನ್ನಷ್ಟೇ ಬರೆದುಕೊಂಡವರ ದಾಖಲೆಗಳು ಹಳೆಯ ಹೆಸರಿನ ವಿಶಾಲಾರ್ಥದಲ್ಲಿ, ಇತ್ಯರ್ಥವಾಗದ ಖಾತೆಯಲ್ಲಿ ಜಮಾ ಆಗಿವೆ.