ಸಮುದ್ರ ದಾಟಿದ ನಾಲಿಗೆ

ಹೊಸಪೇಟೆ, ಕಂಪ್ಲಿ ಕಡೆಯವರು ಓದಲು ವಿದೇಶಕ್ಕೆ ಹೊರಟಾಗ ವಿಮಾನದವರು ಪೆಟ್ಟಿಗೆಯನ್ನಷ್ಟೇ ತೂಗುತ್ತಾರೆ, ನಾಲಿಗೆಗೆ ತಕ್ಕಡಿಯಿಲ್ಲ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ‘ಬಸ್’ ‘ಬಸ್ಸು’ ಆಗುತ್ತದೆ. ಇಂಗ್ಲಿಷಿನ ‘ಟ’, ‘ಡ’ಗಳಿಗೂ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ‘ವಿ’, ‘ಡಬ್ಲ್ಯು’ ಎರಡಕ್ಕೂ ಒಂದೇ ‘ವ’ ಸಾಕೆಂಬುದು ತುಂಗಭದ್ರೆಯ ದಡದ ಉಳಿತಾಯ ಯೋಜನೆ.

ಅಮೆರಿಕದಲ್ಲಿ ‘ವಾಟರ್’ ಎಂದರೆ ಸಿಗದ ನೀರು ‘ವಾರರ್’ ಎಂದರೆ ಸಿಗುತ್ತದೆ. ಫಜೀತಿಯೆಂದರೆ, ಆ ‘ವಾರರ್’ ಮನೆಗೆ ಮಾಡಿದ ಫೋನಿನಲ್ಲೂ ಇಣುಕುವುದು. “ಏನಪಾ, ಗಂಟ್ಲಿಗೇನಾತು? ಬಿಸ್ನೀರು ಕುಡಿ” ಎಂಬ ಅವ್ವನ ಚಿಕಿತ್ಸೆ ತಕ್ಷಣ ಫಲಿಸುತ್ತದೆ. ಹಂಪಿಯಲ್ಲಿ ಎಲ್ಲವೂ ತಿರುಗುಮುರುಗು: 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಊರಲ್ಲಿ ಪಾಸ್‌ಪೋರ್ಟೇ ಇಲ್ಲದ ಎಳನೀರಿನವರು ಗಿರಾಕಿಯ ದೇಶ ನೋಡಿ ರಾಗ ಬದಲಿಸಬಲ್ಲರು.

ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದು ಸಂಡೂರಿನಲ್ಲೇ ಮತ ಕೇಳಿದರು, ರಾಜ್ಯದ ಹಣಕಾಸು ಸಚಿವರೂ ಆದರು. ಮತದಾರರಿಗೆ ಕೇಂಬ್ರಿಜ್ ಉಚ್ಚಾರ ಯಾಕೆ ಬೇಕು?

ರಾಜಮನೆತನದವರಲ್ಲದವರ ಗುರುತನ್ನು ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಾಯುತ್ತವೆ. ಮಂಡಕ್ಕಿ ಸಿಗದ ಊರಲ್ಲಿ ಬೆಳಗಿನ ಸೀರಿಯಲ್ ಡಬ್ಬಿಗೇ ಒಗ್ಗರಣೆ ಬೀಳುತ್ತದೆ. ಅದರ ಸಿಹಿಗೆ ಸಿಟ್ಟಾಗಿ ಇನ್ನೆರಡು ಹಸಿಮೆಣಸಿನಕಾಯಿಯೂ.