ಡೈರಿಯಲ್ಲಿ ಬರೆಯದ ಚಾಕ್ಲೇಟು

ಮೂರು ವರ್ಷದ ಮೊಮ್ಮಗಳ ಬಾಯಿ ಬಿಡಿಸುವುದು ಸುಲಭವಲ್ಲ, ಸ್ವಾಮಿ. "ಸ್ಕೂಲಲ್ಲಿ ಏನು ತಿಂದೆ ಪುಟ್ಟಿ?" ಅಂದರೆ "ಉಪ್ಪಿಟ್ಟು" ಅಂತಾಳೆ. ತುಟಿಯಂಚಿನಲ್ಲಿ ಕೆಂಪು ಬಣ್ಣ ಹಾಗೇ ಇರುತ್ತದೆ. ಕೆಂಪು ಉಪ್ಪಿಟ್ಟನ್ನು ನಮ್ಮ ವಂಶದಲ್ಲೇ ಯಾರೂ ಕೆದಕಿದ್ದಿಲ್ಲ. ಕೊನೆಗೆ ಸತ್ಯ ಹೊರಬಿದ್ದದ್ದು ವಾಷಿಂಗ್ ಮೆಷಿನ್ನಿನಿಂದ. ಯೂನಿಫಾರ್ಮಿನ ಜೇಬಿನಲ್ಲಿದ್ದ ಚಾಕ್ಲೇಟಿನ ಜರಿ ಕಾಗದಗಳು ನನ್ನ ಬಿಳಿ ಪಂಚೆಗೆ ಅಂಚು ಕಟ್ಟಿದ್ದವು.

ನರ್ಸರಿಯಲ್ಲಿ ಚಾಕ್ಲೇಟೇ ಚಲಾವಣೆಯ ನಾಣ್ಯ. ಅಳು ನಿಲ್ಲಿಸಿದರೆ ಒಂದು, ರೈಮ್ಸ್ ಒಪ್ಪಿಸಿದರೆ ಇನ್ನೊಂದು. ಅದರ ಮೇಲೆ ಯಾರದಾದರೂ ಹುಟ್ಟುಹಬ್ಬ ಇದ್ದೇ ಇರುತ್ತದೆ. ಅಷ್ಟೊಂದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕಾದ ಮಿಸ್ಸಿನ ಪಾಡು ನನಗೂ ಗೊತ್ತು. ನಾನಾಗಿದ್ದರೆ ಒಂದು ಬೆಲ್ಲದ ಪಿಂಡಿಯೇ ಒಡೆಯುತ್ತಿದ್ದೆ. ನನ್ನ ತಕರಾರೆಲ್ಲ ಡೈರಿಯದು. "ನಾಳೆ ಹಳದಿ ಬಟ್ಟೆ ಹಾಕಿ ಕಳಿಸಿ", "ಉಗುರು ಕತ್ತರಿಸಿ" ಎಂದು ಸಕಲವನ್ನೂ ಬರೆಯುವ ಮಿಸ್ಸು, ಚಾಕ್ಲೇಟಿನ ವಿಷಯದಲ್ಲಿ ಮಾತ್ರ ಮೌನವ್ರತ ಹಿಡಿದುಬಿಡುತ್ತಾರಲ್ಲ!

ಹೇಳದೆ ಕೇಳದೆ ಸಿಹಿ ತಿನ್ನಿಸಿದ ಕಥೆಗಳಲ್ಲಿ ಸ್ವೀಡನ್ನಿನದು ದೊಡ್ಡದು. 1940ರ ದಶಕದಲ್ಲಿ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರಿಗೆ, ಅವರ ಒಪ್ಪಿಗೆಯಿಲ್ಲದೆ, ಹಲ್ಲಿಗೆ ಮೆತ್ತುವ ಟಾಫಿ ತಿನ್ನಿಸಿ, ಹಲ್ಲು ಹುಳುಕಾಗುವುದನ್ನು ವೈದ್ಯರು ಲೆಕ್ಕ ಹಾಕುತ್ತ ಕೂತರು. ಶುದ್ಧ ಅನ್ಯಾಯ. ಆದರೆ ಅದರಿಂದ ತಿಳಿದದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಎಷ್ಟು ಸಕ್ಕರೆ ಎನ್ನುವುದಕ್ಕಿಂತ ಹೊತ್ತಲ್ಲದ ಹೊತ್ತಿನಲ್ಲಿ ಎಷ್ಟು ಸಲ, ಹಲ್ಲಿಗೆ ಎಷ್ಟು ಹೊತ್ತು ಅಂಟಿತು ಎನ್ನುವುದೇ ಹಲ್ಲಿಗೆ ಮುಖ್ಯ. ಆಮೇಲೆ ಅಲ್ಲಿಯ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ ಎಂಬ ರೂಢಿ ಬಂತು. ನಮ್ಮಲ್ಲಿ ಶನಿವಾರ ಒಪ್ಪತ್ತು, ಅವರಿಗೆ ಮಿಠಾಯಿ!

ನಮ್ಮ ಸಿಬಿಎಸ್‌ಇಯವರೂ 2025ರಲ್ಲಿ ಎಚ್ಚೆತ್ತು, ಶಾಲೆಗಳಲ್ಲಿ 'ಶುಗರ್ ಬೋರ್ಡ್' ಹಾಕಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ತೋರಿಸಿ ಎಂದರು. ಒಳ್ಳೆಯದೇ. ಆದರೆ ನಮ್ಮ ಪುಟ್ಟಿ ಆ ಬೋರ್ಡು ಓದಲು ಮೊದಲು ಅಕ್ಷರ ಕಲಿಯಬೇಕು, ಅಕ್ಷರ ಕಲಿಯಲು ಚಾಕ್ಲೇಟು ಬೇಕು.

ಸೊಸೆ ಜಗಳಕ್ಕೆ ಹೋಗಲಿಲ್ಲ. "ಕೊಡೋದಾದರೆ ದಯವಿಟ್ಟು ತಿಳಿಸಿ ಮಿಸ್" ಎಂದು ಡೈರಿಯಲ್ಲಿ ಬರೆದು ಕಳಿಸಿದಳು. ಮಿಸ್ಸು ಪ್ರಾಮಾಣಿಕರು. ಈಗ ಡೈರಿಯಲ್ಲಿ ತಪ್ಪದೆ ವರದಿ ಬರುತ್ತದೆ. ನಿನ್ನೆಯದು: "ಬರ್ತ್‌ಡೇ ಚಾಕ್ಲೇಟು ಎರಡು, ರೈಮ್ಸಿಗೆ ಒಂದು. ನಾಳೆ ಮೂವರ ಬರ್ತ್‌ಡೇ."