ಎಣ್ಣೆ ಎಲ್ಲಿ ಹಾಕಿಸೋಣ?

ಹೈಬ್ರಿಡ್ ಕಾರು ಕೊಂಡವರು ಮೊದಲ ವರ್ಷ ಮೈಲೇಜಿನ ಮಾತಾಡುತ್ತಾರೆ, ಎರಡನೇ ವರ್ಷ ಆಯಿಲ್ಲಿನ ಚಿಂತೆಗೆ ಬೀಳುತ್ತಾರೆ. ಇಪ್ಪತ್ತು ಲಕ್ಷದ ಗಾಡಿಯನ್ನು ಒಂದೇ ಟೆಸ್ಟ್ ಡ್ರೈವಿನಲ್ಲಿ, ಬಿಳಿಯೋ ಬೂದಿಯೋ ಎಂಬ ಒಂದೇ ತಕರಾರಿನಲ್ಲಿ ಆರಿಸಿ ತಂದ ಸಂಸಾರ, ನಾಲ್ಕು ಲೀಟರ್ ಎಣ್ಣೆ ಬದಲಿಸುವ ವಿಷಯಕ್ಕೆ ಬಂದರೆ ವಿಚಾರಣಾ ಆಯೋಗವನ್ನೇ ಕೂರಿಸುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಎಲೆಯವರು ಕೇಳುತ್ತಾರೆ: "ಕಂಪನಿ ಸರ್ವಿಸ್‌ಗೇ ಬಿಡ್ತೀರೋ, ಹೊರಗಡೆ ಮಾಡಿಸ್ತೀರೋ?" ಆ 'ಹೊರಗಡೆ'ಯನ್ನು ಅವರು ಅನ್ನುವ ಧಾಟಿ ನೋಡಿದರೆ, ಗ್ಯಾರೇಜಿಗೆ ಹೋಗಿಬಂದವರಿಗೆ ಪಂಕ್ತಿಯಲ್ಲಿ ಜಾಗವಿಲ್ಲವೇನೋ ಅನ್ನಿಸಬೇಕು.

ಹಾಗಂತ ಈ ಗಾಡಿಗಳೇನು ಚಂದ್ರಲೋಕದಿಂದ ಇಳಿದು ಬಂದವಲ್ಲ. ತಟ್ಟೆ ಇಡ್ಲಿಯ ಬಿಡದಿಯಲ್ಲಿರುವ ಟೊಯೋಟಾ ಕಾರ್ಖಾನೆ 2013ರಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸಲು ಶುರು ಮಾಡಿತ್ತು. 2022ರಲ್ಲಿ ಹೈರೈಡರ್ ಬಂತು, ಮಾರುತಿಯ ಹೆಸರು ಹೊತ್ತ ಗ್ರ್ಯಾಂಡ್ ವಿಟಾರಾ ಕೂಡ ಅದೇ ಸೂರಿನಡಿ ತಯಾರಾಯಿತು, ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಮುಖ ತೋರಿಸಿತು. ಮೈಸೂರು ರಸ್ತೆಯಲ್ಲಿ ಹುಟ್ಟಿದ ಗಾಡಿಗೆ ಎಣ್ಣೆ ಹಾಕಲು ಮೈಸೂರು ರಸ್ತೆಯ ಗ್ಯಾರೇಜಿನವನಿಗೆ ಬರುವುದಿಲ್ಲ ಎಂಬುದು ಮಾತ್ರ ನಮ್ಮ ಸರ್ವಾನುಮತದ ನಂಬಿಕೆ.

ಹೈಬ್ರಿಡ್‌ನಲ್ಲಿ ಹೊಸದು ಅನ್ನಬಹುದಾದದ್ದು ಬ್ಯಾಟರಿ, ಮೋಟಾರು, ಇನ್ವರ್ಟರು, ಜೊತೆಗೆ 'ಮುಟ್ಟಿದರೆ ನೋಡು' ಎಂದು ಕಣ್ಣು ಬಿಡುವ ಕಿತ್ತಳೆ ಬಣ್ಣದ ಕೇಬಲ್ಲು. ಎಂಜಿನ್ ಆಯಿಲ್ ಬೇಕಿರುವುದು ಇವಕ್ಕಲ್ಲ, ಪಕ್ಕದಲ್ಲಿ ಕೂತಿರುವ ಮಾಮೂಲಿ ಪೆಟ್ರೋಲ್ ಎಂಜಿನ್ನಿಗೆ. ಗಾಡಿ ಎತ್ತು, ಸಂಪಿನ ಬೋಲ್ಟ್ ಬಿಚ್ಚು, ಕಪ್ಪೆಣ್ಣೆ ಇಳಿಸು, ಫಿಲ್ಟರ್ ಬದಲಿಸು, ಬೋಲ್ಟಿಗೆ ಹೊಸ ವಾಷರ್ ಕೊಟ್ಟು ಬಿಗಿ ಮಾಡು, ಹೊಸದನ್ನು ಸುರಿ, ಡಿಪ್‌ಸ್ಟಿಕ್ ನೋಡು. ಅಜ್ಜನ ಅಂಬಾಸಡರಿಗೆ ಆಗುತ್ತಿದ್ದ ಉಪಚಾರವೂ ಹೆಚ್ಚುಕಡಿಮೆ ಇದೇ. ಕಿತ್ತಳೆ ಕೇಬಲ್ಲಿನ ಭಯವನ್ನು ಕೆಳಗಿನ ಬೋಲ್ಟಿಗೂ ಹಚ್ಚುವುದೆಂದರೆ, ಸೊಸೆ ಅಮೆರಿಕದವಳೆಂದು ಅತ್ತೆಯ ಹತ್ತಿರವೂ ಇಂಗ್ಲಿಷ್ ಆಡಿದ ಹಾಗೆ.

ನಮ್ಮ ಬೀದಿಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಇದಕ್ಕೊಂದು ಲೆಕ್ಕಶಾಸ್ತ್ರವನ್ನೇ ಕಟ್ಟಿದ್ದಾರೆ. "ಸಿಗ್ನಲ್ಲಿನಲ್ಲಿ ಎಂಜಿನ್ ಆಫ್, ಜಾಮಿನಲ್ಲಿ ಆಫ್, ಇಳಿಜಾರಿನಲ್ಲಿ ಆಫ್. ಮೀಟರು ಹತ್ತು ಸಾವಿರ ತೋರಿಸಿದರೂ ಎಂಜಿನ್ ಓಡಿರೋದು ಅರ್ಧ. ಅರ್ಧ ಓಡಿದ ಎಂಜಿನ್ನಿಗೆ ಪೂರ್ತಿ ಆಯಿಲ್ ಯಾಕ್ರೀ?" ಈ ಸಿದ್ಧಾಂತದ ಪ್ರಕಾರ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಷ್ಟೂ ಲಾಭ. ತೊಂದರೆ ಏನೆಂದರೆ, ಎಣ್ಣೆ ಅವರ ಲೆಡ್ಜರ್ ನೋಡಿಲ್ಲ. ಹೈಬ್ರಿಡ್ ಎಂಜಿನ್ ಆಗಾಗ ಏಳುತ್ತದೆ, ಆಗಾಗ ಮಲಗುತ್ತದೆ. ಮಲ್ಲೇಶ್ವರದಿಂದ ರಾಜಾಜಿನಗರಕ್ಕೆ ಹೋಗಿಬರುವಷ್ಟರಲ್ಲಿ ಅದಕ್ಕೆ ಸರಿಯಾಗಿ ಬಿಸಿಯೇರುವುದೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಪಸೆ, ಉರಿಯದೆ ಜಾರಿ ಬಂದ ಪೆಟ್ರೋಲ್, ಎರಡೂ ಎಣ್ಣೆಗೆ ಸೇರುತ್ತವೆ. ಆವಿಯಾಗಿ ಹೋಗುವಷ್ಟು ಶಾಖ ಸಿಗದೆ ಅಲ್ಲೇ ಠಿಕಾಣಿ ಹೂಡುತ್ತವೆ. ಅದಕ್ಕೇ ಕಂಪನಿಗಳು ಕಿಲೋಮೀಟರಿನ ಜೊತೆಗೆ ತಿಂಗಳಿನ ಲೆಕ್ಕವನ್ನೂ ಬರೆದು, ಯಾವುದು ಮೊದಲೋ ಅದು ಎನ್ನುತ್ತವೆ. ಇದನ್ನೆಲ್ಲ ತಾಳ್ಮೆಯಿಂದ ಕೇಳಿದ ಮ್ಯಾನೇಜರ್, "ಹಾಗಾದ್ರೆ ಎಂಜಿನ್ ಬಿಸಿ ಮಾಡೋಕೆ ದಿನಾ ಒಂದ್ಸಲ ತುಮಕೂರಿಗೆ ಹೋಗಿಬರಬೇಕಾ?" ಅಂದರು. ಪೆಟ್ರೋಲ್ ಉಳಿಸಲು ತಂದ ಗಾಡಿಯ ತರ್ಕ ನೆಲಮಂಗಲದ ಟೋಲ್ ಗೇಟಿಗೆ ಬಂದು ನಿಂತಿತು.

ಇನ್ನೊಂದು ಪಂಗಡವಿದೆ: ಸ್ಟಿಕ್ಕರ್ ಹೈಬ್ರಿಡ್‌ನವರು. 2015ರಲ್ಲಿ ಮಾರುತಿ ತನ್ನ ಸಿಯಾಝ್ ಡೀಸೆಲ್ಲಿನ ಬೆನ್ನಿಗೆ ಎಸ್‌ಎಚ್‌ವಿಎಸ್ ಎಂದು ಬರೆದಾಗಿನಿಂದ ಈ ವಂಶ ಬೆಳೆದಿದೆ. ಇಂಥ ಮೈಲ್ಡ್ ಹೈಬ್ರಿಡ್‌ಗಳಲ್ಲಿ ಮೋಟಾರು ಎಂಜಿನ್ನಿಗೆ ಒಂದು ಕೈ ಕೊಡುತ್ತದೆಯೇ ಹೊರತು ತಾನೊಂದೇ ಗಾಡಿ ಎಳೆಯುವುದಿಲ್ಲ. ಮಾಲೀಕರ ಆತಂಕ ಮಾತ್ರ ಅಪ್ಪಟ ಸ್ಟ್ರಾಂಗ್ ಹೈಬ್ರಿಡ್.

ಕಂಪನಿ ಸರ್ವಿಸ್ ಸೆಂಟರಿನ ಪಕ್ಷದವರ ವಾದ ಸರಳ. ಅಲ್ಲಿ ಎ.ಸಿ. ಇದೆ, ಕಾಫಿ ಮೆಷಿನ್ ಇದೆ, ಗಾಜಿನಾಚೆ ಗಾಡಿ ಕಾಣುತ್ತದೆ. ಕಾಣುವುದು ನಿಮ್ಮದೇ ಗಾಡಿ ಎಂದೇನೂ ಇಲ್ಲ. ಆಯಿಲ್ ಬದಲಿಸಿ ಎಂದು ಹೋದವರ ಜಾಬ್ ಕಾರ್ಡಿನ ಮೇಲೆ, ಟ್ಯಾಬ್ ಹಿಡಿದ ಅಡ್ವೈಸರ್ ಹುಡುಗನ ಬೆರಳು ಓಡತೊಡಗುತ್ತದೆ. "ಎಂಜಿನ್ ಡೀಕಾರ್ಬನೈಸಿಂಗ್ ಹಾಕ್ಲಾ ಸಾರ್? ಎ.ಸಿ. ಡಿಸಿನ್‌ಫೆಕ್ಷನ್? ಅಂಡರ್‌ಬಾಡಿ ಕೋಟಿಂಗ್? ಇಂಟೀರಿಯರ್ ಕ್ಲೀನಿಂಗ್ ಜೊತೆ ತಗೊಂಡ್ರೆ ಆಫರ್ ಇದೆ ಸಾರ್." ಬೇಡ ಎಂದರೆ ಅವನು ವಾದಿಸುವುದಿಲ್ಲ. ಧ್ವನಿ ತಗ್ಗಿಸಿ, "ಹೈಬ್ರಿಡ್ ಅಲ್ವಾ ಸಾರ್..." ಅನ್ನುತ್ತಾನೆ. ಆ ಮೂರು ಚುಕ್ಕಿಗಳಿಗೆ ಬಿಲ್ಲಿನಲ್ಲಿ ಬೇರೆ ಸಾಲಿರುವುದಿಲ್ಲ, ಬಿಲ್ ಉದ್ದವಾಗುವುದು ಅವುಗಳಿಂದಲೇ. ಸಂಜೆ ಗಾಡಿ ಮಿರಿಮಿರಿ ಮಿಂಚುತ್ತಾ ಬರುತ್ತದೆ. ತೊಳೆದದ್ದು ಕಣ್ಣಿಗೆ ಕಾಣುತ್ತದೆ, ಬದಲಿಸಿದ್ದು ಕಾಣುವುದಿಲ್ಲ. ಆದ್ದರಿಂದ ತೊಳೆಯುವುದರಲ್ಲಿ ಯಾರೂ ಲೋಪ ಮಾಡುವುದಿಲ್ಲ. ಮರುದಿನ ಫೋನು: "ಫೀಡ್‌ಬ್ಯಾಕ್ ಕಾಲ್ ಬರತ್ತೆ ಸಾರ್, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೆ ನಮಗೆ ಸೊನ್ನೆ ಲೆಕ್ಕ." ಕೃಪಾಂಕದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೂ ಆ ಕ್ಷಣದಲ್ಲಿ ಉದಾರಿ ಪರೀಕ್ಷಕರಾಗುತ್ತಾರೆ.

ಅಲ್ಲಿಗೆ ಜನರನ್ನು ಕಟ್ಟಿಹಾಕಿರುವುದು ಕಾಫಿಯಲ್ಲ, ವಾರಂಟಿ. ಹೈಬ್ರಿಡ್ ಬ್ಯಾಟರಿಗೆ ಟೊಯೋಟಾ ನಮ್ಮಲ್ಲಿ ಕೊಟ್ಟಿರುವುದು 8 ವರ್ಷ ಅಥವಾ 1,60,000 ಕಿಲೋಮೀಟರ್. ಹೊರಗೆ ಒಂದು ಬೋಲ್ಟ್ ಬಿಚ್ಚಿದರೂ ಇಂಥ ವಾರಂಟಿಯೆಲ್ಲ ಗಾಳಿಗೆ ಹೋಗುತ್ತದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಬೆಳೆದಿದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ, ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡಿವೆ ಎಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟು ರದ್ದು ಮಾಡಕೂಡದು, ಹೊರಗಿನವರ ಕೆಟ್ಟ ಕೆಲಸದಿಂದ ಹಾಳಾದಷ್ಟಕ್ಕೆ ಮಾತ್ರ ಇಲ್ಲ ಎನ್ನಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಗ್ರಾಹಕರು ಸರ್ವಿಸ್ ಸೆಂಟರಿಗೇ ಹೋದರು. ಅಮೆರಿಕದಲ್ಲಿ ಇಂಥ ಕಾನೂನು 1975ರಿಂದಲೇ ಇದೆ ಎಂದು ಸ್ಯಾನ್ ಹೋಸೆಯ ಮಗ ವಿಡಿಯೋ ಕಾಲಿನಲ್ಲಿ ಪಾಠ ಹೇಳುತ್ತಾನೆ. ಅಲ್ಲಿ ಭಾನುವಾರ ತಾನೇ ಗಾಡಿಯ ಕೆಳಗೆ ನುಸುಳಿ ಎಣ್ಣೆ ಬದಲಿಸುವ ಈ ವೀರ, ಊರಿಗೆ ಬಂದಾಗ ಟೈರಿಗೆ ಗಾಳಿ ಹಿಡಿಸಲೂ ಡ್ರೈವರನ್ನು ಕರೆಸುತ್ತಾನೆ.

ಹಾಗೆಂದು ಗ್ಯಾರೇಜೇನೂ ಪುಣ್ಯಕ್ಷೇತ್ರವಲ್ಲ. ಬಾನೆಟ್ ಎತ್ತಿದ ಕೂಡಲೇ ಮೆಕ್ಯಾನಿಕ್ ಸೆಲ್ಫ್ ಮೋಟಾರ್ ಎಲ್ಲಿ, ಆಲ್ಟರ್ನೇಟರ್ ಎಲ್ಲಿ ಎಂದು ಹುಡುಕುತ್ತಾನೆ. ಟೊಯೋಟಾದ ಹೈಬ್ರಿಡ್ ವ್ಯವಸ್ಥೆಯಲ್ಲಿ ಅವೆರಡೂ ಬೇರೆಯಾಗಿ ಇರುವುದೇ ಇಲ್ಲ. ಎಂಜಿನ್ ಎಬ್ಬಿಸುವುದೂ ಚಾರ್ಜ್ ಮಾಡುವುದೂ ಮೋಟಾರ್ ಜನರೇಟರಿನ ಕೆಲಸ. ಇವನಿಗೆ ಗಾಬರಿಯೇನೂ ಆಗುವುದಿಲ್ಲ. "ಕಂಪನಿಯೋರು ಉಳಿಸವ್ರೆ ಸಾರ್" ಎಂದು ತೀರ್ಪು ಕೊಟ್ಟು ಮುಂದುವರಿಯುತ್ತಾನೆ. ಸದ್ದಿಲ್ಲದ ಗಾಡಿ ಎಂದರೆ ಆಫ್ ಆದ ಗಾಡಿ, ಇದು ಅವನ ಜೀವಮಾನದ ಅನುಭವ. ಆದರೆ ಹೈಬ್ರಿಡ್‌ನ ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ದೀಪ ಉರಿಯುತ್ತಿದ್ದರೆ, ಬ್ಯಾಟರಿ ಇಳಿದ ಕೂಡಲೇ ಎಂಜಿನ್ ಯಾರ ಅಪ್ಪಣೆಗೂ ಕಾಯದೆ ಎದ್ದು ತಿರುಗುತ್ತದೆ. ಎಣ್ಣೆ ಬಸಿದಿಟ್ಟ ಹೊತ್ತಿನಲ್ಲಿ ಎದ್ದರೆ ಮುಂದಿನ ಕಥೆ ಹೇಳುವುದೇ ಬೇಡ. ಗಾಡಿಯನ್ನು ಪೂರ್ತಿ ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ದೂರ ಇಡುವುದು: ಈ ಕೆಲಸದಲ್ಲಿ ಹೈಬ್ರಿಡ್‌ಗೆಂದೇ ನೆನಪಿಡಬೇಕಾದ ದೊಡ್ಡ ಗುಟ್ಟು ಇಷ್ಟೇ. ಮಾಲೀಕರು ಆ ಹೊತ್ತಿಗೆ ಕೀ ಜೇಬಿನಲ್ಲಿಟ್ಟುಕೊಂಡು, ಎ.ಸಿ. ಹಾಕಿಕೊಂಡು, ಗಾಡಿಯ ಒಳಗೇ ಕೂತು ಫೋನಿನಲ್ಲಿ 'ಹೈಬ್ರಿಡ್ ಕಾರಿನ ಸುರಕ್ಷತೆ' ವಿಡಿಯೋ ನೋಡುತ್ತಿರುತ್ತಾರೆ.

ಇನ್ನು ಎಣ್ಣೆಯ ವಿಚಾರ. ಇಂದಿನ ಹೈಬ್ರಿಡ್‌ಗಳ ಕೈಪಿಡಿ ಸಾಮಾನ್ಯವಾಗಿ ಕೇಳುವುದು 0ಡಬ್ಲ್ಯು-16 ಅಥವಾ 0ಡಬ್ಲ್ಯು-20ರಂಥ ತೆಳ್ಳನೆಯ ಎಣ್ಣೆ. ಮೆಕ್ಯಾನಿಕ್ ಅದರ ಒಂದು ಹನಿಯನ್ನು ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ತಿಕ್ಕಿ, ಮುಖ ಹುಳ್ಳಗೆ ಮಾಡುತ್ತಾನೆ. "ಇದು ನೀರು ಸಾರ್. ನಮ್ಮ ಬಿಸಿಲಿಗೆ ದಪ್ಪ ಬೇಕು. 20-40 ಹಾಕ್ತೀನಿ, ಎಂಜಿನ್ ಬೆಣ್ಣೆ ಆಗತ್ತೆ." ಮೂಲೆಯಲ್ಲಿ 20-40ರ ಡ್ರಮ್ಮು ಮುಕ್ಕಾಲು ತುಂಬಿರುತ್ತದೆ, ಬಿಸಿಲಿನ ಸಿದ್ಧಾಂತಕ್ಕೆ ಆಧಾರ ಅದು. ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣ, ಕೊನೆಯದು ಬಿಸಿಯಲ್ಲಿ ಉಳಿಯುವ ದಪ್ಪ. ಒಂದೇ ಸವಾರಿಯಲ್ಲಿ ಮತ್ತೆ ಮತ್ತೆ ಏಳುವ ಎಂಜಿನ್ನಿಗೆ ಎಣ್ಣೆ ಥಟ್ಟನೆ ತಲುಪಬೇಕು, ತಿರುಗುವುದಕ್ಕೆ ತಡೆಯೂ ಕಡಿಮೆ ಇರಬೇಕು ಎಂಬ ಲೆಕ್ಕದಲ್ಲಿ ತೆಳುವನ್ನು ಆರಿಸಿರುತ್ತಾರೆ. ದಪ್ಪದ್ದು ಹಾಕಿಸಿಕೊಂಡು ಹೋದವರು, ಮೈಲೇಜ್ ಇಳಿಯಿತೆಂದು ಮುಂದಿನ ತಿಂಗಳು ಪೆಟ್ರೋಲ್ ಬಂಕಿನವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ತೆಳ್ಳನೆಯದೇ ಬೇಕೆಂದು ಹಟ ಹಿಡಿದವರು ಜೆ.ಸಿ. ರಸ್ತೆಗೆ ಹೋಗಿ ಡಬ್ಬ ತರುತ್ತಾರೆ. ಸೀಲು ಅಸಲಿಯೋ ನಕಲಿಯೋ ಎಂದು ಮನೆಯಲ್ಲಿ ಇನ್ನೊಂದು ಆಯೋಗ ಕೂರುತ್ತದೆ.

ಮೂರನೆಯ ದಾರಿ ಮೊಬೈಲಿನಲ್ಲಿದೆ. ಆ್ಯಪ್ ಒತ್ತಿದರೆ ಹುಡುಗ ಸ್ಕೂಟರಿನಲ್ಲಿ ಟ್ರೇ, ಸ್ಪ್ಯಾನರ್, ಎಣ್ಣೆ ಸಮೇತ ಅಪಾರ್ಟ್‌ಮೆಂಟಿಗೇ ಬರುತ್ತಾನೆ. ಅವನಿಗೆ ಕೆಲಸ ಬರುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಅಸೋಸಿಯೇಷನ್ ಸೆಕ್ರೆಟರಿ ಬರುತ್ತಾರೆ. ಬೇಸ್‌ಮೆಂಟಿನಲ್ಲಿ ಒಂದು ತೊಟ್ಟು ಬಿದ್ದರೂ ಅವರ ನೋಟಿಸು ಲಿಫ್ಟಿನಲ್ಲಿ ಅಂಟಿರುತ್ತದೆ.

ಇಷ್ಟೆಲ್ಲ ಜಿಜ್ಞಾಸೆಯಲ್ಲಿ ಎಣ್ಣೆಯ ಗುಣ ಕೇಳಿದವರು ಎಷ್ಟು ಜನ? ಎಲ್ಲರೂ ಹುಡುಕುತ್ತಿರುವುದು, ನಾಳೆ ಗಾಡಿ ಕೆಟ್ಟರೆ ಬೈಯಲು ಒಂದು ವಿಳಾಸ. ಕಂಪನಿಗೆ ಬಿಟ್ಟವರು "ಅಷ್ಟು ದುಡ್ಡು ಸುರಿದೆ" ಎಂದು ಬೈಯಬಹುದು. ಗ್ಯಾರೇಜಿಗೆ ಬಿಟ್ಟವರು "ಅವನನ್ನ ನಂಬಿ ಕೆಟ್ಟೆ" ಎಂದು ಎದೆ ಬಡಿದುಕೊಳ್ಳಬಹುದು. ಆ್ಯಪ್‌ನವರಿಗೆ ಒಂದು ಸ್ಟಾರ್ ಕೊಟ್ಟು ಸೇಡು ತೀರಿಸಿಕೊಳ್ಳಬಹುದು. ಹೊಣೆ ಇಳಿಸಲು ಒಂದು ಹೆಗಲು ಸಿಕ್ಕರಾಯಿತು, ಆ ಹೆಗಲಿನವನು ಸುರಿದದ್ದೇನು ಎಂಬುದು ಆಮೇಲಿನ ಮಾತು. ಮಗುವಿನ ಶಾಲೆ, ಅಪ್ಪನ ಮಂಡಿ ಆಪರೇಷನ್ನು, ಸೈಟಿನ ಖಾತೆ ಮಾಡಿಸುವ ಏಜೆಂಟು, ಎಲ್ಲವನ್ನೂ ನಾವು ಆರಿಸುವ ಕ್ರಮ ಇದೇ.

ಎಣ್ಣೆಯ ಉತ್ತರ ಇರುವುದು ಗ್ಲೋವ್ ಬಾಕ್ಸಿನಲ್ಲಿ. ದೇವಸ್ಥಾನದ ಕುಂಕುಮದ ಪೊಟ್ಟಣ, ವಿಮೆಯ ಜೆರಾಕ್ಸ್, ಮಾಸಿದ ಟೋಲ್ ಚೀಟಿಗಳ ಅಡಿಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ ಕೈಪಿಡಿ. ಯಾವ ದರ್ಜೆ, ಎಷ್ಟು ಲೀಟರು, ಎಷ್ಟು ತಿಂಗಳಿಗೆ ಎಂದು ಅದರಲ್ಲಿ ಬರೆದಿದೆ. ಬ್ಯಾಟರಿ ತಣ್ಣಗಿಡಲು ಗಾಳಿ ಎಳೆಯುವ ಕಿಂಡಿ ಎಲ್ಲಿದೆ, ಅದನ್ನು ಮುಚ್ಚಬೇಡಿ ಎಂದೂ ಬರೆದಿದೆ. ಎಣ್ಣೆಗಾಗಿ ತಿಂಗಳುಗಟ್ಟಲೆ ಮಂಥನ ನಡೆಸಿದ ಎಷ್ಟೋ ಗಾಡಿಗಳಲ್ಲಿ ಆ ಕಿಂಡಿಯ ಮೇಲೆ ಅಜ್ಜಿಯ ಶಾಲು ಮಡಚಿ ಕೂತಿರುತ್ತದೆ.

ವಾರಂಟಿ ಇರುವಷ್ಟು ದಿನ ಕಂಪನಿಗೆ ಹೋಗುವುದು ಸೋಮಾರಿಗಳಿಗೆ ಅನುಕೂಲ, ದಾಖಲೆ ತಾನಾಗಿ ಉಳಿಯುತ್ತದೆ. ಹೊರಗೆ ಹೋಗುವವರು ದರ್ಜೆ, ತಾರೀಖು, ಕಿಲೋಮೀಟರು ಬರೆಸಿದ ಬಿಲ್ ಇಟ್ಟುಕೊಳ್ಳಬೇಕು. ಎರಡೂ ಕಡೆ ಕೇಳಬೇಕಾದ್ದು ಮಾತ್ರ ಒಂದೇ: ಡಬ್ಬವನ್ನು ಕಣ್ಣೆದುರು ಒಡೆಯಿರಿ, ಹಳೆಯ ಫಿಲ್ಟರ್ ತೋರಿಸಿ.

ಇನ್ನೊಂದು ಪ್ರಶ್ನೆಯಿದೆ, ಅದನ್ನು ಪಂಕ್ತಿಯಲ್ಲಿ ಯಾರೂ ಎತ್ತುವುದಿಲ್ಲ: ಇಳಿಸಿದ ಕಪ್ಪೆಣ್ಣೆ ಎಲ್ಲಿಗೆ ಹೋಯಿತು? 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಅನುಮತಿ ಪಡೆದ ಮರುಬಳಕೆದಾರರಿಗೇ ಸೇರಬೇಕು. 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಿಸುವವರ ಮೇಲೂ ಅದರ ಹೊಣೆ ಬಿದ್ದಿದೆ. ನಿಯಮ ಹೀಗಿದ್ದರೂ ಬಹಳಷ್ಟು ಕಪ್ಪೆಣ್ಣೆ ಕ್ಯಾನಿನಲ್ಲಿ ಕೂತು ಕಟ್ಟಡದ ಕೆಲಸಕ್ಕೆ ಹೊರಡುತ್ತದೆ. ಪರಿಸರ ಉಳಿಸಲೆಂದು ಹೈಬ್ರಿಡ್ ತಂದವರ ಎಣ್ಣೆ ಸೆಂಟ್ರಿಂಗ್ ಶೀಟಿಗೆ ಬಳಿಸಿಕೊಂಡು, ಮಳೆಗೆ ರಾಜಕಾಲುವೆಗಿಳಿದು, ಬೆಳ್ಳಂದೂರು ಕೆರೆಯ ದಾರಿ ಹಿಡಿಯುತ್ತದೆ. ಗಾಡಿಯ ಹಿಂದೆ ಹೈಬ್ರಿಡ್ ಎಂಬ ನೀಲಿ ಬಿಲ್ಲೆ ಮಾತ್ರ ಹೊಳೆಯುತ್ತಿರುತ್ತದೆ.

ಆದ್ದರಿಂದ ಎಲ್ಲಿ ಹಾಕಿಸೋಣ ಎಂದು ಕೇಳುವವರು ಮೊದಲು ಆ ಪ್ಲಾಸ್ಟಿಕ್ ಹೊದಿಕೆ ಹರಿಯಲಿ. ಕೈಪಿಡಿ ಓದಿಕೊಂಡು ಹೋದವರಿಗೆ ಎರಡೂ ಕಡೆ ಎಣ್ಣೆ ಹಾಕುತ್ತಾರೆ. ಓದದೆ ಹೋದವರಿಗೆ ಎರಡೂ ಕಡೆ ನಾಮ ಹಾಕುತ್ತಾರೆ.